ಬ್ಯಾಟರಿ ದೀಪದ ರಿಪೇರಿ: ಸತ್ತ ಸೆಲ್ ಸತ್ತಿರುವುದಿಲ್ಲ

ದೀಪಾವಳಿಗೆ ಇನ್ನು ನಾಲ್ಕು ದಿನ. ಅಟ್ಟದ ಮೇಲಿಂದ ಕಳೆದ ವರ್ಷದ ರಟ್ಟಿನ ಡಬ್ಬಿ ಕೆಳಗಿಳಿದಿದೆ. ಅದರಲ್ಲಿ ಒಂದು ಡಜನ್ ಬ್ಯಾಟರಿ ದೀಪಗಳು. ನೋಡಲು ಪುಟ್ಟ ಮೇಣದಬತ್ತಿಯಂತಿವೆ. ಸ್ವಿಚ್ ಒತ್ತಿದರೆ ನಿಜವಾದ ಜ್ವಾಲೆಯ ಹಾಗೆ ಮಿನುಗುತ್ತವೆ. ಆದರೆ ಈ ಸಲ ಐದು ಬೆಳಗಿದವು, ಏಳು ಬೆಳಗಲಿಲ್ಲ. ಮನೆಯ ತಾತ ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಕನ್ನಡಕ ಏರಿಸಿ, ಚಿಕ್ಕ ಸ್ಕ್ರೂ ಡ್ರೈವರ್ ಹಿಡಿದು ರಿಪೇರಿಗೆ ಕುಳಿತರು. ಪಕ್ಕದಲ್ಲೇ ಒಂದೂವರೆ ವರ್ಷದ ಮೊಮ್ಮಗು.

"ರೀ, ಮಗು ಅಲ್ಲೇ ಆಡ್ತಿದೆ, ನೋಡ್ಕೊಳ್ಳಿ" ಎಂದು ಅಜ್ಜಿ ಅಡುಗೆಮನೆಯಿಂದ ಕೂಗಿದರು.

"ಇವೆಲ್ಲಾ ಸತ್ತ ಸೆಲ್ ಕಣೇ, ಏನೂ ಆಗಲ್ಲ" ಎಂದರು ತಾತ.

ಇದು ಊಹೆಯ ಮನೆಯೇ ಹೌದು. ಆದರೆ ಹಬ್ಬದ ದಿನಗಳಲ್ಲಿ ಇಂಥ ದೃಶ್ಯ ಯಾರ ಮನೆಯಲ್ಲಾದರೂ ಕಾಣಬಹುದು. ತಾತ ಕೊಟ್ಟ ಉತ್ತರವನ್ನು ನಮ್ಮಲ್ಲಿ ಬಹುಮಂದಿ ಕೊಡುತ್ತೇವೆ. ಆ ಉತ್ತರ ತಪ್ಪು ಎಂಬುದನ್ನು ತಿಳಿಸುವುದೇ ಈ ವಾರದ ಲೇಖನದ ಉದ್ದೇಶ. ದೀಪವನ್ನು ಮನೆಯಲ್ಲೇ ರಿಪೇರಿ ಮಾಡುವುದು ಹೇಗೆ ಎಂಬುದನ್ನೂ ಜೊತೆಯಲ್ಲೇ ನೋಡೋಣ.

ದೀಪ ಒಳ್ಳೆಯದೇ

ಮೊದಲಿಗೆ ಒಂದು ಮಾತು. ಬ್ಯಾಟರಿ ದೀಪ ಕೆಟ್ಟ ವಸ್ತುವೇನಲ್ಲ. ಎಣ್ಣೆಯ ಹಣತೆಗೆ ಸೀರೆಯ ಸೆರಗು ತಾಗಿ, ಮೇಣದಬತ್ತಿ ಉರುಳಿ ಪರದೆಗೆ ಬೆಂಕಿ ಹತ್ತಿ ಸುಟ್ಟಗಾಯಗಳಾಗುವುದನ್ನು ಪ್ರತಿ ಹಬ್ಬದಲ್ಲೂ ಕೇಳುತ್ತೇವೆ. ಉಬ್ಬಸವಿರುವವರಿಗೆ ದೀಪದ ಹೊಗೆಯೂ ತೊಂದರೆ ಕೊಡುತ್ತದೆ. ಮಕ್ಕಳು, ಕೈ ನಡುಗುವ ವೃದ್ಧರು ಇರುವ ಮನೆಗಳಲ್ಲಿ ಬಾಲ್ಕನಿಗೆ, ಮೆಟ್ಟಿಲಿಗೆ, ಕ್ರಿಸ್‌ಮಸ್ ಗೋದಲಿಗೆ ಬೆಂಕಿಯಿಲ್ಲದ ದೀಪ ಇಡುವುದು ಜಾಣತನ. ಅದರಲ್ಲಿ ಸುಡುವ ಜ್ವಾಲೆ ಇಲ್ಲ. ಆದರೆ ಸುಡುವ ಗುಣವಿರುವ ಒಂದು ವಸ್ತು ಅದರ ಹೊಟ್ಟೆಯೊಳಗಿದೆ. ಅದೇ ಗುಂಡಿಯಾಕಾರದ ಸೆಲ್. ಮುಚ್ಚಳ ಬಿಗಿಯಾಗಿರುವವರೆಗೆ ಅದರಿಂದ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ನಾವು ಮುಚ್ಚಳ ತೆಗೆದಾಗ.

ಒಳಗಿರುವುದೇನು?

ಹಣತೆ ಗಾತ್ರದ ಪುಟ್ಟ ದೀಪಗಳಲ್ಲಿ ಸಾಮಾನ್ಯವಾಗಿ ಸಿಆರ್ 2032 ಎಂಬ ಗುರುತಿನ ಲಿಥಿಯಂ ಸೆಲ್ ಇರುತ್ತದೆ. ಈ ಸಂಖ್ಯೆಯಲ್ಲೇ ಅದರ ಅಳತೆ ಅಡಗಿದೆ: 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟೇ ಗಾತ್ರ, ಅದರಂತೆಯೇ ಹೊಳಪು. ಹೊಸದರಲ್ಲಿ ಇದರ ಶಕ್ತಿ 3 ವೋಲ್ಟ್. ಅಂಗೈ ಉದ್ದದ ದೊಡ್ಡ ಮೇಣದಬತ್ತಿಗಳಲ್ಲಿ ಗಡಿಯಾರಕ್ಕೆ, ಟಿ.ವಿ. ರಿಮೋಟಿಗೆ ಹಾಕುವ 1.5 ವೋಲ್ಟಿನ ಉದ್ದ ಸೆಲ್‌ಗಳು ಎರಡೋ ಮೂರೋ ಇರುತ್ತವೆ. ಇವೆರಡರಲ್ಲಿ ಮಗುವಿಗೆ ಹೆಚ್ಚು ಅಪಾಯಕಾರಿ ಮೊದಲನೆಯದು.

ಸತ್ತ ಸೆಲ್ ಏನು ಮಾಡೀತು?

ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದು ಎಳೆ ಮಕ್ಕಳ ಸ್ವಭಾವ. ನಾಣ್ಯ ನುಂಗಿದ ಮಗುವಿನ ಹೊಟ್ಟೆಯಿಂದ ಅದು ಅನೇಕ ವೇಳೆ ಮಲದಲ್ಲಿ ಹೊರಬಂದು ಬಿಡುತ್ತದೆ. ಸೆಲ್ಲನ್ನೂ ನಾಣ್ಯದಂತೆಯೇ ಎಂದು ಭಾವಿಸಬಾರದು. ಐದಾರು ವರ್ಷದೊಳಗಿನ ಮಕ್ಕಳ ಅನ್ನನಾಳ ಕಿರಿದಾದ್ದರಿಂದ 20 ಮಿಲಿಮೀಟರ್ ಅಗಲದ ಸೆಲ್ ಅಲ್ಲಿಯೇ ಸಿಕ್ಕಿಕೊಳ್ಳುವ ಸಂಭವ ಹೆಚ್ಚು.

ಸಿಕ್ಕಿಕೊಂಡ ಮೇಲೆ ಆಗುವುದೇನು? ಅನ್ನನಾಳದ ಒಳಪದರ ಸದಾ ಒದ್ದೆಯಾಗಿರುತ್ತದೆ. ಆ ತೇವದ ಮೂಲಕ ಸೆಲ್ಲಿನ ಎರಡು ಧ್ರುವಗಳ ನಡುವೆ ವಿದ್ಯುತ್ ಹರಿಯತೊಡಗುತ್ತದೆ. ಇದರಿಂದ ಋಣಧ್ರುವದ ಬಳಿ, ಅಂದರೆ ಸೆಲ್ಲಿನ ಕಿರಿದಾದ ಮುಖದ ಕಡೆ, ತೀಕ್ಷ್ಣ ಕ್ಷಾರ ಉತ್ಪತ್ತಿಯಾಗುತ್ತದೆ. ಸಾಬೂನು ತಯಾರಿಸಲು ಬಳಸುವ ಕಾಸ್ಟಿಕ್ ಸೋಡಾ ಕೈಗೆ ತಗುಲಿದರೆ ಚರ್ಮ ಹೇಗೆ ಬೇಯುತ್ತದೋ ಹಾಗೆಯೇ ಅನ್ನನಾಳದ ಗೋಡೆ ಬೇಯುತ್ತದೆ. ತೀವ್ರವಾದ ಗಾಯಕ್ಕೆ ಎರಡು ಗಂಟೆ ಸಾಕು. ಗಾಯ ಆಳಕ್ಕಿಳಿದರೆ ಅನ್ನನಾಳಕ್ಕೆ ತೂತು ಬೀಳಬಹುದು, ಪಕ್ಕದ ಶ್ವಾಸನಾಳಕ್ಕೆ ದಾರಿಯಾಗಬಹುದು, ದೊಡ್ಡ ರಕ್ತನಾಳಕ್ಕೆ ತಗುಲಿ ಪ್ರಾಣಾಂತಿಕ ರಕ್ತಸ್ರಾವವೂ ಆಗಬಹುದು. ಸೆಲ್ ತೆಗೆದ ಕೆಲವು ದಿನ ಅಥವಾ ವಾರಗಳ ನಂತರ ಇಂಥ ರಕ್ತಸ್ರಾವವಾದ ಪ್ರಸಂಗಗಳೂ ಇವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸೆಲ್ ಒಡೆದು ಅದರೊಳಗಿನ ರಾಸಾಯನಿಕ ಸೋರಿದರೆ ಮಾತ್ರ ಅಪಾಯ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಸೆಲ್ ಒಂದಿಷ್ಟೂ ಒಡೆಯದೆ ಇಡಿಯಾಗಿದ್ದರೂ ವಿದ್ಯುತ್ತಿನಿಂದಲೇ ಈ ಕ್ಷಾರ ಹುಟ್ಟುತ್ತದೆ.

ಈಗ ತಾತನ ಮಾತಿಗೆ ಬರೋಣ. ದೀಪದೊಳಗಿನ ಹಳದಿ ಎಲ್‌ಇಡಿ ಬೆಳಗಲು ಸುಮಾರು 2 ವೋಲ್ಟ್ ಬೇಕು. ಸೆಲ್ಲಿನ ಶಕ್ತಿ ಅದಕ್ಕಿಂತ ಕೆಳಗಿಳಿದೊಡನೆ ದೀಪ ಆರುತ್ತದೆ. ನಾವು ಸೆಲ್ ಸತ್ತಿತು ಎನ್ನುತ್ತೇವೆ. ಆದರೆ ದೇಹದ ತೇವದಲ್ಲಿ ಕ್ಷಾರ ಹುಟ್ಟಿಸಲು ಸುಮಾರು 1.2 ವೋಲ್ಟಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ದೀಪ ಬೆಳಗಲಾರದ ಸೆಲ್ಲಿನಲ್ಲಿ ಮಗುವಿನ ಗಂಟಲು ಸುಡುವಷ್ಟು ಶಕ್ತಿ ಇನ್ನೂ ಉಳಿದಿರುತ್ತದೆ. ಆದ್ದರಿಂದ ದೀಪದಿಂದ ಹೊರತೆಗೆದ ಹಳೆಯ ಸೆಲ್ಲಿಗೂ ಹೊಸ ಸೆಲ್ಲಿಗೂ ಒಂದೇ ಬಗೆಯ ಎಚ್ಚರಿಕೆ ಬೇಕು. ವಾಸ್ತವವಾಗಿ ಹಳೆಯದಕ್ಕೇ ಹೆಚ್ಚು ಬೇಕು. ಏಕೆಂದರೆ ಹೊಸದನ್ನು ಜೋಪಾನವಾಗಿ ಇಡುತ್ತೇವೆ, ಹಳೆಯದನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟುಬಿಡುತ್ತೇವೆ.

ರಿಪೇರಿಗೆ ಕೂರುವ ಮುನ್ನ

ನೆಲದ ಮೇಲೆ ಕೂರಬೇಡಿ. ಮೇಜಿನ ಬಳಿ, ಚೆನ್ನಾಗಿ ಬೆಳಕಿರುವ ಕಡೆ ಕುಳಿತುಕೊಳ್ಳಿ. ಮಗು ಮಲಗಿರುವ ಸಮಯ ಆರಿಸಿಕೊಳ್ಳುವುದು ಉತ್ತಮ. ಅಂಚಿರುವ ಒಂದು ಸ್ಟೀಲ್ ತಟ್ಟೆಯಲ್ಲಿ ಬಟ್ಟೆ ಹಾಸಿ, ಅದರ ಮೇಲೆಯೇ ದೀಪ ಬಿಚ್ಚಿ. ಸ್ಕ್ರೂ ಆಗಲಿ, ಸೆಲ್ ಆಗಲಿ ಉರುಳಿ ಹೋಗುವುದಿಲ್ಲ. ಎಷ್ಟು ಸೆಲ್ ಹೊರಬಂದವು, ಎಷ್ಟು ಹೊಸದು ಹಾಕಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೊನೆಯಲ್ಲಿ ಲೆಕ್ಕ ತಾಳೆಯಾಗಬೇಕು. ಒಂದು ಕಡಿಮೆ ಬಂದರೆ ಅದು ಸಿಗುವವರೆಗೆ ಮಗುವನ್ನು ಆ ಕೋಣೆಗೆ ಬಿಡಬೇಡಿ.

ಎರಡೂ ಕೈ ಕೆಲಸದಲ್ಲಿದ್ದಾಗ ಸೆಲ್ಲನ್ನು ತುಟಿಗಳ ನಡುವೆ ಹಿಡಿದುಕೊಳ್ಳುವ ಅಭ್ಯಾಸ ಕೆಲವರಿಗಿದೆ. ದೊಡ್ಡವರು ಸೆಲ್ ನುಂಗುವುದು ಹೀಗೆಯೇ. ಶ್ರವಣಯಂತ್ರದ ಪುಟ್ಟ ಸೆಲ್ಲನ್ನು ಮಾತ್ರೆಯೆಂದು ತಿಳಿದು ನುಂಗಿದ ವೃದ್ಧರೂ ಉಂಟು. ಟಾರ್ಚಿನ ಸೆಲ್ಲನ್ನು ಬಿಸಿಲಿಗಿಟ್ಟು, ಹಲ್ಲಿನಿಂದ ಕಚ್ಚಿ ಇನ್ನೆರಡು ದಿನ ಓಡಿಸುತ್ತಿದ್ದ ಹಳೆಯ ಕಾಲದ ಪದ್ಧತಿಯನ್ನು ಇಲ್ಲಿ ಖಂಡಿತ ಪ್ರಯೋಗಿಸಬೇಡಿ.

ಹಂತ ಹಂತವಾಗಿ

1. ಹೊಸ ದೀಪವೇ ಬೆಳಗದಿದ್ದರೆ ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಪಟ್ಟಿ ಇಣುಕುತ್ತಿದೆಯೇ ನೋಡಿ. ಅಂಗಡಿಯಲ್ಲಿರುವಾಗ ಸೆಲ್ ಖರ್ಚಾಗದಿರಲೆಂದು ಅದನ್ನು ಇಟ್ಟಿರುತ್ತಾರೆ. ಎಳೆದು ತೆಗೆದರೆ ದೀಪ ಬೆಳಗುತ್ತದೆ.

2. ದೊಡ್ಡ ದೀಪಗಳಲ್ಲಿ ಟೈಮರ್ ಇರುವುದುಂಟು. ಅಂಥವು ಸಾಮಾನ್ಯವಾಗಿ ಆರು ಗಂಟೆ ಬೆಳಗಿ, ಮುಂದಿನ ಹದಿನೆಂಟು ಗಂಟೆ ತಾವೇ ಆರಿರುತ್ತವೆ. ಇದು ಕೆಟ್ಟಿರುವ ಲಕ್ಷಣವಲ್ಲ. ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಾಕಿ ನೋಡಿ.

3. ಸ್ವಿಚ್ ಆರಿಸಿ, ತಳದ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ. ಸೆಲ್ ಹೊರತೆಗೆಯುವ ಮೊದಲು ಅದರ ಯಾವ ಮುಖ ಮೇಲಿದೆ ಎಂಬುದನ್ನು ನೋಡಿಟ್ಟುಕೊಳ್ಳಿ. ಗುಂಡಿ ಸೆಲ್ಲಿನ ಅಗಲವಾದ ಮುಖದ ಮೇಲೆ ಕೂಡಿಸುವ ಚಿಹ್ನೆ ಕೊರೆದಿರುತ್ತದೆ. ಅದೇ ಧನಧ್ರುವ.

4. ಸೆಲ್ಲನ್ನು ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಎಬ್ಬಿಸಿ. ಲೋಹದ ಚಿಮುಟ ಎರಡೂ ಮುಖಕ್ಕೆ ತಾಗಿದರೆ ಸೆಲ್ ಶಕ್ತಿ ಕಳೆದುಕೊಳ್ಳುತ್ತದೆ, ಬಿಸಿಯೂ ಆಗಬಹುದು.

5. ಹೊರಬಂದ ಸೆಲ್ಲಿನ ಎರಡೂ ಮುಖಕ್ಕೆ ಕೂಡಲೇ ಅಂಟುಪಟ್ಟಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಹೊಸ ಸೆಲ್ ಹಾಕುವುದಕ್ಕಿಂತ ಮೊದಲೇ ಈ ಕೆಲಸ ಆಗಬೇಕು.

6. ಸೆಲ್ ಕೂರುವ ಜಾಗದಲ್ಲಿ ಎರಡು ಲೋಹದ ತಗಡುಗಳಿರುತ್ತವೆ. ತಳದ ತಗಡು ಅಥವಾ ಸ್ಪ್ರಿಂಗ್ ಕುಗ್ಗಿದ್ದರೆ ಕಡ್ಡಿಯ ತುದಿಯಿಂದ ಮೆಲ್ಲಗೆ ಮೇಲೆತ್ತಿ. ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಒರೆಸಿ. ಸೆಲ್ ಒಳ್ಳೆಯದಿದ್ದೂ ದೀಪ ಬೆಳಗದಿರಲು ಅನೇಕ ಸಲ ಇದೇ ಕಾರಣ.

7. ಅದೇ ಸಂಖ್ಯೆಯ ಹೊಸ ಸೆಲ್ ಹಾಕಿ. ಎರಡು ಮೂರು ಸೆಲ್‌ಗಳ ದೀಪವಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳತು ಹೊಸತು ಬೆರೆಸಿದರೆ ಹಳೆಯದು ಸೋರುತ್ತದೆ. ಸಿಆರ್ 2032 ಸೆಲ್ಲನ್ನು ಚಾರ್ಜ್ ಮಾಡಲು ಹೋಗಬೇಡಿ. ಅದು ಆ ಜಾತಿಯದಲ್ಲ, ಸಿಡಿಯಬಹುದು.

8. ಮುಚ್ಚಳ ಹಾಕಿ ಸ್ಕ್ರೂ ಪೂರ್ತಿ ಬಿಗಿ ಮಾಡಿ. ನಂತರ ದೀಪವನ್ನು ಕಿವಿಯ ಬಳಿ ಅಲುಗಾಡಿಸಿ. ಒಳಗೆ ಸೆಲ್ ಸದ್ದು ಮಾಡಬಾರದು. ಉಗುರಿನಿಂದ ಮುಚ್ಚಳ ಎಬ್ಬಿಸಲು ನೋಡಿ. ಅದು ಏಳಬಾರದು.

ಈ ಎಂಟನೆಯ ಹಂತವೇ ಎಲ್ಲಕ್ಕಿಂತ ಮುಖ್ಯ. ದೀಪ ಬೆಳಗಿದೊಡನೆ ರಿಪೇರಿ ಮುಗಿಯಿತೆಂದು ಎದ್ದುಬಿಡಬೇಡಿ. ಸ್ಕ್ರೂ ಮರೆ ಸವೆದು ಸುಮ್ಮನೆ ತಿರುಗುತ್ತಿದ್ದರೆ, ಮುಚ್ಚಳದ ಕೊಂಡಿ ಮುರಿದಿದ್ದರೆ ಅಂಟುಪಟ್ಟಿ ಹಚ್ಚಿ ಉಳಿಸಿಕೊಳ್ಳಬೇಡಿ. ಅಂಟುಪಟ್ಟಿಯನ್ನು ಕಿತ್ತುಹಾಕುವುದು ಮಗುವಿಗೆ ಆಟ. ಅಂಥ ದೀಪದ ಸೆಲ್ ತೆಗೆದು ದೀಪವನ್ನು ಎಸೆದುಬಿಡಿ. ಸ್ಕ್ರೂ ಇಲ್ಲದೆ ಬರೀ ಬೆರಳಿನಿಂದ ಜಾರಿಸಿ ತೆರೆಯುವ ಮುಚ್ಚಳದ ದೀಪಗಳೂ ಎಳೆ ಮಕ್ಕಳಿರುವ ಮನೆಗೆ ತಕ್ಕುವಲ್ಲ. ಅಮೆರಿಕದಲ್ಲಿ 2022ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಗುಂಡಿ ಸೆಲ್ ಬಳಸುವ ಗೃಹೋಪಯೋಗಿ ವಸ್ತುಗಳ ಮುಚ್ಚಳವನ್ನು ಎಳೆ ಮಕ್ಕಳು ತೆರೆಯಲಾಗದಂತೆ ರಚಿಸಬೇಕು. ನಾವು ಅಂಗಡಿಯಲ್ಲಿ ದೀಪ ಕೊಳ್ಳುವಾಗಲೇ ಅದನ್ನು ಬೋರಲು ಹಾಕಿ ತಳದಲ್ಲಿ ಸ್ಕ್ರೂ ಇದೆಯೇ ಎಂದು ನೋಡುವುದು ರೂಢಿಯಾಗಬೇಕು.

ನೀರು ಹಾಕಿದರೆ ಬೆಳಗುವ ಹಣತೆಗಳು ಈಗ ಹೆಚ್ಚಾಗಿ ಬಂದಿವೆ. ಇವುಗಳಲ್ಲಿರುವ ಎರಡು ಲೋಹದ ಮೊಳೆಗಳನ್ನು ನೀರು ಮುಟ್ಟಿದಾಗ ದೀಪ ಬೆಳಗುತ್ತದೆ. ನೀರಿಲ್ಲದಿದ್ದರೂ ಬೆಳಗುತ್ತಿದ್ದರೆ ಆ ಮೊಳೆಗಳ ನಡುವೆ ತೇವವೋ ಉಪ್ಪಿನ ಪದರವೋ ಇರುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಅಂಟು ಹಾಕಿ ಮುಚ್ಚಿರುವ ಇಂಥ ಹಣತೆಗಳನ್ನು ಚಾಕುವಿನಿಂದ ಮೀಟಿ ತೆರೆಯಬೇಡಿ. ಒಮ್ಮೆ ತೆರೆದರೆ ಮತ್ತೆ ಮುಚ್ಚಲು ಬರುವುದಿಲ್ಲ, ಸೆಲ್ ಸಲೀಸಾಗಿ ಕೈಗೆ ಸಿಗುವಂತಾಗುತ್ತದೆ.

ಸೆಲ್ ಸೋರಿದ್ದರೆ

ದೊಡ್ಡ ದೀಪಗಳ ಉದ್ದ ಸೆಲ್‌ಗಳು ವರ್ಷವಿಡೀ ಒಳಗೇ ಉಳಿದರೆ ಸೋರಿ, ತಗಡುಗಳ ಮೇಲೆ ಬಿಳಿ ಅಥವಾ ನೀಲಿ ಹಸಿರು ಪುಡಿ ಕಟ್ಟಿರುತ್ತದೆ. ಅದನ್ನು ಬರಿಗೈಯಿಂದ ಕೆರೆಯಬೇಡಿ, ಬಾಯಿಂದ ಊದಬೇಡಿ. ರಬ್ಬರಿನ ಕೈಚೀಲ ಹಾಕಿ, ಕನ್ನಡಕ ಧರಿಸಿ. ಸೆಲ್ಲಿನ ಮೇಲೆ ಆಲ್ಕಲೈನ್ ಎಂದಿದ್ದರೆ ಸೋರಿರುವುದು ಕ್ಷಾರ. ವಿನಿಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಬೇಕು. ಸಾಧಾರಣ ಕಾರ್ಬನ್ ಸೆಲ್ ಆದರೆ ಸೋರಿರುವ ದ್ರವ ಆಮ್ಲೀಯ. ನೀರಿನಲ್ಲಿ ಕಲಸಿದ ಚಿಟಿಕೆ ಅಡುಗೆ ಸೋಡಾ ಸಾಕು. ಬಳಿಕ ಒದ್ದೆ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಹೊಸ ಸೆಲ್ ಹಾಕಿ. ತಗಡು ತಿಂದುಹೋಗಿ ಮುರಿದಿದ್ದರೆ ಆ ದೀಪದ ಆಸೆ ಬಿಡಿ.

ಈ ಪುಡಿ ಅಥವಾ ದ್ರವ ಚರ್ಮಕ್ಕೆ ತಾಗಿದರೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರಿನಿಂದ 15ರಿಂದ 20 ನಿಮಿಷ ತೊಳೆದು ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಿ. ಕಣ್ಣಿಗೆ ವಿನಿಗರ್, ನಿಂಬೆರಸ, ಎದೆಹಾಲು ಯಾವುದನ್ನೂ ಹಾಕಬಾರದು.

ಮಗು ನುಂಗಿದರೆ

ನುಂಗಿದ್ದನ್ನು ಯಾರೂ ನೋಡದಿರಬಹುದು. ಸೆಲ್ಲಿನ ಲೆಕ್ಕ ತಪ್ಪಿದ್ದು, ಮಗು ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತಿದ್ದರೆ, ಊಟ ಬೇಡವೆಂದು ಹಟ ಹಿಡಿದರೆ, ನುಂಗುವಾಗ ಅತ್ತರೆ, ಕೆಮ್ಮಿದರೆ, ವಾಂತಿ ಮಾಡಿದರೆ, ಎದೆ ಅಥವಾ ಗಂಟಲು ತೋರಿಸಿ ಅತ್ತರೆ ಸೆಲ್ ನುಂಗಿರಬಹುದೆಂದೇ ಭಾವಿಸಿ. ಕೆಲವು ಮಕ್ಕಳಲ್ಲಿ ಮೊದಮೊದಲು ಯಾವ ಲಕ್ಷಣವೂ ಕಾಣುವುದಿಲ್ಲ. ಮಗು ಆಡಿಕೊಂಡಿದೆ ಎಂದು ಬೆಳಗಿನವರೆಗೆ ಕಾಯುವುದು ಅಪಾಯಕರ. ಸಂಶಯವೇ ಸಾಕು, ಹೊರಡಿ. 108ಕ್ಕೆ ಕರೆಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಕ್ಷ-ಕಿರಣ ಮತ್ತು ಎಂಡೋಸ್ಕೋಪಿ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಿ.

ಮುಳ್ಳು ಸಿಕ್ಕಿಕೊಂಡಾಗ ಮಾಡುವಂತೆ ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಬೇಡಿ. ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಬೇರೆ ಏನನ್ನೂ ತಿನ್ನಿಸದೆ, ಕುಡಿಸದೆ ಕರೆದೊಯ್ಯಿರಿ. ಅರಿವಳಿಕೆ ಕೊಟ್ಟು ಸೆಲ್ ತೆಗೆಯಬೇಕಾಗುವುದರಿಂದ ಹೊಟ್ಟೆ ಖಾಲಿ ಇರುವುದು ಒಳ್ಳೆಯದು.

ಇದಕ್ಕೆ ಒಂದೇ ಒಂದು ಅಪವಾದವೆಂದರೆ ಜೇನುತುಪ್ಪ. ಮಗುವಿಗೆ ಒಂದು ವರ್ಷ ತುಂಬಿದ್ದು, ಸೆಲ್ ನುಂಗಿ ಹನ್ನೆರಡು ಗಂಟೆ ಮೀರಿಲ್ಲದಿದ್ದು, ಮಗು ಸಲೀಸಾಗಿ ಉಸಿರಾಡುತ್ತ ನುಂಗಬಲ್ಲದಾದರೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು ಗರಿಷ್ಠ ಆರು ಸಲ ಕೊಡಬಹುದು. ಜೇನು ಸೆಲ್ಲಿನ ಸುತ್ತ ಪದರದಂತೆ ನಿಂತು ಕ್ಷಾರದ ತೀಕ್ಷ್ಣತೆಯನ್ನು ಸ್ವಲ್ಪ ತಗ್ಗಿಸುತ್ತದೆ ಎಂಬುದು 2018ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡುಬಂದಿದೆ. ಇದು ಚಿಕಿತ್ಸೆಯಲ್ಲ, ಸಮಯ ಗಳಿಸುವ ಉಪಾಯ ಮಾತ್ರ. ಮನೆಯಲ್ಲಿ ಜೇನು ಇಲ್ಲವೆಂದು ಅಂಗಡಿಗೆ ಓಡುತ್ತ ಹೊತ್ತು ಕಳೆಯಬಾರದು. ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು.

ಆಸ್ಪತ್ರೆಯಲ್ಲಿ "ನಾಣ್ಯ ಇರಬಹುದು" ಎನ್ನದೆ "ಗುಂಡಿ ಸೆಲ್ ಇರಬಹುದು" ಎಂದೇ ಸ್ಪಷ್ಟವಾಗಿ ಹೇಳಿ. ಅಂಥದೇ ಇನ್ನೊಂದು ಸೆಲ್ ಅಥವಾ ಅದರ ಹೊದಿಕೆ ಇದ್ದರೆ ಜೊತೆಗೆ ಒಯ್ಯಿರಿ. ಕ್ಷ-ಕಿರಣದಲ್ಲಿ ನಾಣ್ಯ ಒಂದೇ ಸುತ್ತಾಗಿ ಕಂಡರೆ ಸೆಲ್ಲಿನ ಅಂಚಿನಲ್ಲಿ ಎರಡು ಸುತ್ತು ಕಾಣುತ್ತದೆ. ನಿಮ್ಮ ಒಂದು ಮಾತು ವೈದ್ಯರು ಆ ಎರಡನೆಯ ಸುತ್ತನ್ನು ಹುಡುಕುವಂತೆ ಮಾಡುತ್ತದೆ. ಸೆಲ್ ಅನ್ನನಾಳದಲ್ಲಿದ್ದರೆ ತಡಮಾಡದೆ ಎಂಡೋಸ್ಕೋಪಿಯಿಂದ ಹೊರತೆಗೆಯುತ್ತಾರೆ. ಜಠರಕ್ಕೆ ಇಳಿದಿದ್ದರೆ ಕಾಯಬಹುದೇ, ತೆಗೆಯಬೇಕೇ ಎಂಬುದನ್ನು ಮಗುವಿನ ವಯಸ್ಸು ಮತ್ತು ಲಕ್ಷಣ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಮನೆಗೆ ಬಂದ ಮೇಲೂ ಮಗು ರಕ್ತ ವಾಂತಿ ಮಾಡಿದರೆ, ಮಲ ಕಪ್ಪಗಾದರೆ, ಜ್ವರ ಅಥವಾ ಕೆಮ್ಮು ಬಂದರೆ ಮತ್ತೆ ಆಸ್ಪತ್ರೆಗೆ ಓಡಬೇಕು.

ಮೂಗು, ಕಿವಿಗೆ ತುರುಕಿಕೊಂಡ ಸೆಲ್ಲೂ ಇಷ್ಟೇ ಅಪಾಯಕಾರಿ. ಮೂಗಿನ ನಡುಗೋಡೆಗೆ ತೂತಾಗಬಹುದು, ಕಿವಿಯ ತಮಟೆ ಹಾಳಾಗಬಹುದು. ಎಣ್ಣೆ, ಔಷಧದ ಹನಿ ಯಾವುದನ್ನೂ ಬಿಡದೆ ತಕ್ಷಣ ವೈದ್ಯರ ಬಳಿ ಹೋಗಿ. ತೇವ ಹೆಚ್ಚಿದಷ್ಟೂ ಸೆಲ್ ಹೆಚ್ಚು ಸುಡುತ್ತದೆ.

ಹಬ್ಬ ಮುಗಿದ ಮೇಲೆ

ದೀಪಗಳನ್ನು ಅಟ್ಟಕ್ಕೇರಿಸುವ ಮುನ್ನ ಸೆಲ್‌ಗಳನ್ನು ತೆಗೆದಿಡಿ. ಸೋರುವುದೂ ತಪ್ಪುತ್ತದೆ, ಮುಂದಿನ ವರ್ಷ ರಿಪೇರಿಯ ತಾಪತ್ರಯವೂ ಕಡಿಮೆಯಾಗುತ್ತದೆ. ಹೊಸ ಸೆಲ್‌ಗಳು ಹೊದಿಕೆಯಲ್ಲೇ ಇದ್ದು, ಔಷಧಿಗಳಂತೆ ಎತ್ತರದ ಕಪಾಟಿನಲ್ಲಿ ಬೀಗದೊಳಗಿರಲಿ. ಹಳೆಯ ಸೆಲ್‌ಗಳನ್ನು ಹಸಿ ಕಸಕ್ಕೋ ಒಲೆಗೋ ಹಾಕಬೇಡಿ. ಬ್ಯಾಟರಿ ತ್ಯಾಜ್ಯ ನಿರ್ವಹಣೆಗೆಂದು ನಮ್ಮ ದೇಶದಲ್ಲಿ 2022ರಲ್ಲಿ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಬೇರೆ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡುವುದು ಬಳಕೆದಾರರ ಹೊಣೆ. ಅಂಟುಪಟ್ಟಿ ಸುತ್ತಿದ ಸೆಲ್‌ಗಳ ಡಬ್ಬಿಯನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.

ತೂಕದ ಯಂತ್ರ, ಕಾರಿನ ಬೀಗದ ಕೈ, ಹಾಡುವ ಶುಭಾಶಯ ಪತ್ರ, ಮಿನುಗುವ ಆಟಿಕೆ, ಸಣ್ಣ ರಿಮೋಟ್ ಇವುಗಳಲ್ಲೂ ಗುಂಡಿ ಸೆಲ್ ಇರುತ್ತದೆ. ಇಂದು ಒಮ್ಮೆ ಮನೆಯಲ್ಲೆಲ್ಲ ಸುತ್ತಿ ಇವುಗಳ ಮುಚ್ಚಳ ಬಿಗಿಯಾಗಿದೆಯೇ ಎಂದು ಒತ್ತಿ ನೋಡಿ.

ನಮ್ಮ ತಾತ ರಿಪೇರಿ ಮಾಡಬಾರದೆಂದು ಯಾರೂ ಹೇಳುವುದಿಲ್ಲ. ಏಳು ದೀಪಗಳೂ ಬೆಳಗಲಿ. ಆದರೆ ಅವರು ನೆಲದಿಂದೆದ್ದು ಮೇಜಿಗೆ ಹೋಗಲಿ, ಏಳು ಹಳೆಯ ಸೆಲ್‌ಗಳನ್ನೂ ಎಣಿಸಿ ಡಬ್ಬಿಗೆ ಹಾಕಲಿ. ಅಜ್ಜಿ ಮತ್ತೆ ಕೂಗಿದಾಗ "ಏಳೂ ಡಬ್ಬೀಲಿದೆ ಕಣೇ" ಎಂಬ ಉತ್ತರ ಬರಲಿ.